ತಿರುಗಿ ಬರುವ ದಾರಿಯಲ್ಲಿ ವಿಜಯಪುರ: ಮೊದಲೇ ಯೋಚಿಸದೆ ಇಳಿದ ಕುಟುಂಬಕ್ಕೊಂದು ಕೈಪಿಡಿ

ಪಂಢರಪುರಕ್ಕೋ ತುಳಜಾಪುರಕ್ಕೋ ಹೋಗಿ, ಸೊಲ್ಲಾಪುರದ ಮೇಲೆ ಹುಬ್ಬಳ್ಳಿ, ಬಾಗಲಕೋಟೆಗಳ ಕಡೆಗೆ ಕಾರಿನಲ್ಲಿ ಮರಳುವ ಮನೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ವಿಜಯಪುರ ಹತ್ತಿರವಾದಂತೆ ಬಯಲಿನ ಅಂಚಿನಲ್ಲಿ ಗೋಳಗುಮ್ಮಟದ ತಲೆ ಕಾಣಿಸುತ್ತದೆ. ಹಿಂದಿನ ಸೀಟಿನ ಮಕ್ಕಳು ಇಳಿಯೋಣ ಎಂದು ಹಟ ಹಿಡಿಯುತ್ತಾರೆ, ದೊಡ್ಡವರು ಇನ್ನೊಮ್ಮೆ ಅದಕ್ಕೆಂದೇ ಬಂದರಾಯಿತು ಎನ್ನುತ್ತಾರೆ, ಕಾರು ಬೈಪಾಸ್ ಹಿಡಿದು ಮುಂದೆ ಹೋಗುತ್ತದೆ. ನಮ್ಮ ಮನೆಯಲ್ಲಿ ಆ 'ಇನ್ನೊಮ್ಮೆ' ಆರು ವರ್ಷ ಬರಲಿಲ್ಲ. ಕಡೆಗೆ ಒಂದು ಮಧ್ಯಾಹ್ನ ನನ್ನ ಅವ್ವನೇ "ಗಾಡಿ ಒಳಗ ತಗೋ, ಹುಡುಗ್ರು ನೋಡ್ಲಿ" ಎಂದಾಗ ನಾವು ಊರೊಳಗೆ ತಿರುಗಿದೆವು. ಅಂದಿನಿಂದ ಆ ದಾರಿಯಲ್ಲಿ ಹೋದಾಗಲೆಲ್ಲ ಇಳಿಯುತ್ತಿದ್ದೇವೆ. ಹೀಗೆ ಹಠಾತ್ತನೆ ಇಳಿದವರು ಅರ್ಧ ದಿನವನ್ನು ಯಾರಿಗೂ ದಣಿವಾಗದಂತೆ ಹೇಗೆ ಕಳೆಯಬೇಕು ಎಂಬುದನ್ನು ನಮ್ಮ ಅನುಭವದಿಂದ ಇಲ್ಲಿ ಬರೆದಿದ್ದೇನೆ.

ಕಾರಿನಲ್ಲೇ ಆಗಬೇಕಾದ ತೀರ್ಮಾನ

ಸೊಲ್ಲಾಪುರದಿಂದ ವಿಜಯಪುರಕ್ಕೆ ಸುಮಾರು 100 ಕಿಲೋಮೀಟರ್, ಅಲ್ಲಿಂದ ಹುಬ್ಬಳ್ಳಿಗೆ ಸುಮಾರು 200 ಕಿಲೋಮೀಟರ್. ಅಂದರೆ ಊರಿಗೆ ಇಳಿಯುವ ಹೊತ್ತಿಗೆ ಪ್ರಯಾಣದ ದೊಡ್ಡ ಭಾಗ ಇನ್ನೂ ಮುಂದಿರುತ್ತದೆ. ಆದ್ದರಿಂದ ಏನು ನೋಡಬೇಕು ಎಂಬುದಕ್ಕಿಂತ ಮೊದಲು ರಾತ್ರಿ ಎಲ್ಲಿ ಮಲಗಬೇಕು ಎಂಬುದು ನಿಶ್ಚಯವಾಗಬೇಕು. ಮಧ್ಯಾಹ್ನ ಹನ್ನೆರಡರೊಳಗೆ ಊರು ತಲುಪಿದರೆ ನೋಡುವಷ್ಟು ನೋಡಿ ಸಂಜೆ ಹೊರಡಬಹುದು. ಎರಡರ ನಂತರ ತಲುಪಿದರೆ ರಾತ್ರಿ ಅಲ್ಲಿಯೇ ಉಳಿಯುವುದು ಉತ್ತಮ. ಮೆಟ್ಟಿಲು ಹತ್ತಿ ಇಳಿದು, ಬಿಸಿಲಲ್ಲಿ ತಿರುಗಿದ ಚಾಲಕ ಕತ್ತಲಲ್ಲಿ ಮತ್ತೆ ನಾಲ್ಕು ಗಂಟೆ ಗಾಡಿ ಓಡಿಸುವುದು ಯಾವ ಸ್ಮಾರಕಕ್ಕೂ ಕೊಡಬಾರದ ಬೆಲೆ. ಉಳಿಯುವುದಾದರೆ ಕೋಣೆಯನ್ನು ಮೊದಲೇ ಹಿಡಿಯಿರಿ. ಸಂಕ್ರಾಂತಿಯ ಸುಮಾರಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆಯಾದ್ದರಿಂದ ಆ ದಿನಗಳಲ್ಲಿ ಕೋಣೆ ಸಿಗದೆ ರಾತ್ರಿ ಪರದಾಡುವ ಸಂಭವವಿದೆ.

ಎರಡನೆಯ ತೀರ್ಮಾನ ಕಾಲುಗಳದ್ದು. ಕಾರಿನಲ್ಲಿರುವವರ ಪೈಕಿ ಯಾರ ಮೊಣಕಾಲು ಎಲ್ಲಕ್ಕಿಂತ ದುರ್ಬಲವಾಗಿದೆಯೋ, ಯಾವ ಮಗು ಎಲ್ಲಕ್ಕಿಂತ ಬೇಗ ಅಳುತ್ತದೆಯೋ, ಅವರ ಶಕ್ತಿಯೇ ಆ ದಿನದ ಅಳತೆ. ಹುರುಪಿರುವವರ ಅಳತೆಯಲ್ಲಿ ಹೊರಟರೆ ಮೂರನೆಯ ಜಾಗದಲ್ಲಿ ಅರ್ಧ ಮಂದಿ ಕಾರಿನಿಂದ ಇಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವ ಬಿಸಿಲಿರುತ್ತದೆ. ಕಲ್ಲುಹಾಸಿನ ಮೇಲೆ ಪಾದರಕ್ಷೆ ಬಿಟ್ಟು ನಡೆಯಬೇಕಾಗಿ ಬಂದಾಗ ಅಂಗಾಲು ಸುಡುತ್ತದೆ. ಎಲ್ಲರಿಗೂ ಒಂದೊಂದು ಜೊತೆ ಕಾಲುಚೀಲವನ್ನು ಚೀಲದ ಮೇಲ್ಭಾಗದಲ್ಲಿಯೇ ಇಟ್ಟುಕೊಳ್ಳಿ. ನಮ್ಮ ಪ್ರವಾಸದಲ್ಲಿ ಇಷ್ಟು ಉಪಯೋಗಕ್ಕೆ ಬಂದ ವಸ್ತು ಮತ್ತೊಂದಿಲ್ಲ.

ಅಜ್ಜ, ಅಪ್ಪ, ಮೊಮ್ಮಗ

ವಿಜಯಪುರದಲ್ಲಿ ಮಸೀದಿ, ಮಹಲು, ಬಾವಿ, ಬುರುಜುಗಳು ಎಷ್ಟಿವೆಯೆಂದರೆ, ಪಟ್ಟಿ ಹಿಡಿದು ಹೊರಟವರಿಗೆ ಎರಡು ದಿನವೂ ಸಾಲದು. ಅರ್ಧ ದಿನ ಇರುವವರಿಗೆ ಬೇಕಾಗಿರುವುದು ಒಂದು ಎಳೆ. ನಾನು ಹಿಡಿಯುವ ಎಳೆ ಒಂದೇ ಮನೆತನದ ಮೂರು ತಲೆಮಾರು. 1489ರ ಸುಮಾರಿಗೆ ಯೂಸುಫ್ ಆದಿಲ್ ಖಾನನಿಂದ ಆರಂಭವಾಗಿ 1686ರಲ್ಲಿ ಔರಂಗಜೇಬನಿಗೆ ಶರಣಾದ ಆದಿಲ್‌ಶಾಹಿ ಮನೆತನದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಹ 1580ರಿಂದ 1627ರವರೆಗೆ ಆಳಿದ. ಅವನ ಗೋರಿ ಇಬ್ರಾಹಿಂ ರೋಜಾ. ಅವನ ಮಗ ಮುಹಮ್ಮದ್ ಆದಿಲ್‌ಶಹ 1656ರವರೆಗೆ ಆಳಿದ. ಅವನ ಗೋರಿ ಗೋಳಗುಮ್ಮಟ. ಮುಹಮ್ಮದನ ಮಗ ಎರಡನೆಯ ಅಲಿ 1672ರವರೆಗೆ ಆಳಿದ; ಅವನ ಗೋರಿ, ಕಟ್ಟಿ ಮುಗಿಯದೆ ಉಳಿದ ಬಾರಾ ಕಮಾನ್. ಅಜ್ಜ ಸೂಕ್ಷ್ಮವಾಗಿ ಕಟ್ಟಿಸಿದ, ಅಪ್ಪ ಭಾರಿಯಾಗಿ ಕಟ್ಟಿಸಿದ, ಮೊಮ್ಮಗನದು ನಡುವೆಯೇ ನಿಂತಿತು. ಇದನ್ನು ಕಾರಿನಲ್ಲಿಯೇ ಮಕ್ಕಳಿಗೆ ಇಷ್ಟೇ ಮಾತಿನಲ್ಲಿ ಹೇಳಿಬಿಡಿ. ಕಾರಿನಲ್ಲೂ ಮೂರು ತಲೆಮಾರು ಕುಳಿತಿದ್ದರೆ ಮಕ್ಕಳಿಗೆ ಇದು ತಕ್ಷಣ ಹಿಡಿಸುತ್ತದೆ. ನನ್ನ ಮಗಳು ಅಂದು ಇಡೀ ದಿನ ಪ್ರತಿ ಕಟ್ಟಡದ ಎದುರು "ಇದು ಅಜ್ಜಂದೋ, ಅಪ್ಪಂದೋ?" ಎಂದೇ ಕೇಳಿದಳು.

ಭೂಗೋಳವೂ ಈ ಎಳೆಗೆ ಅನುಕೂಲವಾಗಿದೆ. ಗೋಳಗುಮ್ಮಟ ಊರಿನ ಪೂರ್ವಕ್ಕೆ, ರೈಲು ನಿಲ್ದಾಣದ ಸಮೀಪ ಇದೆ. ಬಾರಾ ಕಮಾನ್ ಊರಿನ ನಡುವೆ ಇದೆ. ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಕೋಟೆಗೋಡೆಯ ಹೊರಗಿದೆ. ಸೂರ್ಯ ಹೋದ ದಿಕ್ಕಿಗೇ ನೀವೂ ಹೋದರೆ ಸಾಕು, ಹಿಂದಕ್ಕೆ ಬರುವ ಕೆಲಸವಿಲ್ಲ.

ಗೋಳಗುಮ್ಮಟವನ್ನು ಕೇಳುವ ಬಗೆ

ಗೋಳಗುಮ್ಮಟಕ್ಕೆ ಎಲ್ಲರೂ ನೋಡಲು ಹೋಗುತ್ತಾರೆ. ಅದನ್ನು ಕೇಳಬೇಕು, ಮತ್ತು ಕೇಳಲು ಬೇಕಾದದ್ದು ಹೊತ್ತಿನ ಆಯ್ಕೆ. ನಾವು ಮೊದಲ ಸಲ ಹತ್ತಿದ್ದು ಡಿಸೆಂಬರಿನ ಒಂದು ದಿನ ಹನ್ನೊಂದು ಗಂಟೆಗೆ. ಶಾಲೆಗಳ ಪ್ರವಾಸದ ಕಾಲವಾಗಿತ್ತು. ಮೇಲೆ ಇನ್ನೂರು ಮಕ್ಕಳಾದರೂ ಇದ್ದಿರಬೇಕು, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ನಮಗೆ ಕೇಳಿಸಿದ್ದು ಒಂದು ಗದ್ದಲ ಮಾತ್ರ. ಮರುವರ್ಷ ರಾತ್ರಿ ಊರಲ್ಲಿ ಉಳಿದು, ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದೆವು. ಮೇಲೆ ನಮ್ಮನ್ನು ಬಿಟ್ಟರೆ ನಾಲ್ಕೈದು ಜನ ಇದ್ದರು. ಗೋಳಗುಮ್ಮಟ ನಮಗೆ ಸಿಕ್ಕಿದ್ದು ಆ ದಿನ. ಬೆಳಗ್ಗೆ ಸಾಧ್ಯವಿಲ್ಲದವರು ಮಧ್ಯಾಹ್ನ ಊಟದ ಹೊತ್ತನ್ನು ಆರಿಸಿಕೊಳ್ಳಬಹುದು. ಶಾಲೆಯ ಮಕ್ಕಳು ಆಗ ತೋಟದಲ್ಲಿ ಬುತ್ತಿ ಬಿಚ್ಚಿ ಕುಳಿತಿರುತ್ತಾರೆ.

ಮೇಲಕ್ಕೆ ಹೋಗುವ ಮೆಟ್ಟಿಲುಗಳು ಕಟ್ಟಡದ ನಾಲ್ಕು ಮೂಲೆಗಳಲ್ಲಿರುವ ಎಂಟು ಮೂಲೆಯ ಗೋಪುರಗಳ ಒಳಗಿವೆ. ಗೋಪುರಗಳು ಏಳು ಅಂತಸ್ತಿನವು. ಮೆಟ್ಟಿಲುಗಳು ಇಕ್ಕಟ್ಟು, ಕಡಿದು, ತಿರುಗುತ್ತ ಹೋಗುವಂಥವು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದನ್ನು ಹಿರಿಯರಿಗೆ ಕೆಳಗೇ ಹೇಳಬೇಕು. ಪ್ರತಿ ಅಂತಸ್ತಿನಲ್ಲೂ ಕಿಟಕಿಯ ಬಳಿ ಒಂದು ಗಳಿಗೆ ನಿಂತು ಹತ್ತಿದರೆ ಹತ್ತು ವರ್ಷದ ಮಕ್ಕಳಿಗೂ ಐವತ್ತು ದಾಟಿದವರಿಗೂ ತೊಂದರೆಯಾಗದು. ಚಿಕ್ಕ ಮಗುವನ್ನು ಎತ್ತಿಕೊಂಡು ಹತ್ತುವವರು ಇನ್ನೊಂದು ಕೈಯಲ್ಲಿ ಏನನ್ನೂ ಹಿಡಿಯಬಾರದು.

ಮೆಟ್ಟಿಲು ಮುಗಿದರೆ ತೆರೆದ ಮಾಳಿಗೆ, ಅಲ್ಲಿಂದ ಗುಮ್ಮಟದ ಬುಡದಲ್ಲಿರುವ ಸಣ್ಣ ಬಾಗಿಲುಗಳ ಮೂಲಕ ಒಳಗೆ ಹೋದರೆ ಪಿಸುಮಾತಿನ ಗ್ಯಾಲರಿ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್, ಹೊರಗಿನದು ಸುಮಾರು 44 ಮೀಟರ್. ಗೋಡೆಯೇ ಎಷ್ಟು ದಪ್ಪ ಎಂಬುದನ್ನು ಈ ಎರಡು ಅಂಕಿಗಳಿಂದ ಮಕ್ಕಳೇ ಲೆಕ್ಕ ಹಾಕಲಿ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಜನ ಅವುಗಳನ್ನು ಒಂದೇ ಎಂದು ತಿಳಿಯುತ್ತಾರೆ. ಒಂದು ಪ್ರತಿಧ್ವನಿ: ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಏಳಕ್ಕೂ ಹೆಚ್ಚು ಸಲ ಮರಳಿ ಕೇಳುತ್ತದೆ. ಇನ್ನೊಂದು ಪಿಸುಮಾತು: ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಆಡಿದ ಮಾತು ದುಂಡನೆಯ ಗೋಡೆಯನ್ನು ಸವರಿಕೊಂಡು ಸಾಗಿ, ಎದುರು ಬದಿಯಲ್ಲಿ ಗೋಡೆಗೆ ಕಿವಿ ಹಚ್ಚಿ ಕುಳಿತವರಿಗೆ ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ. ಮೊದಲನೆಯದಕ್ಕೆ ಒಂದೇ ಒಂದು ಚಪ್ಪಾಳೆ ಸಾಕು. ಅದು ಪೂರ್ತಿ ಸಾಯುವವರೆಗೆ ಯಾರೂ ಉಸಿರೆತ್ತದೆ ಎಣಿಸಬೇಕು. ಎರಡನೆಯದಕ್ಕೆ ಮನೆಯವರು ಇಬ್ಬಿಬ್ಬರಾಗಿ ಎದುರುಬದುರು ಕುಳಿತು, ಗೋಡೆಯ ಕಡೆಗೆ ಮುಖ ಮಾಡಿ, ಕೂಗದೆ ಮಾತಾಡಬೇಕು. ಕೂಗಿದರೆ ಪ್ರತಿಧ್ವನಿ ಎದ್ದು ಪಿಸುಮಾತನ್ನು ನುಂಗಿಬಿಡುತ್ತದೆ.

ಆ ಬೆಳಿಗ್ಗೆ ನನ್ನ ಮಗ ಆಚೆ ಬದಿಯಲ್ಲಿ ಕುಳಿತು ಟಿಕೆಟಿನ ಚೀಟಿಯನ್ನು ನಿಧಾನವಾಗಿ ಹರಿದ. ನಡುವೆ ಅಷ್ಟು ದೊಡ್ಡ ಖಾಲಿ ಇದ್ದರೂ ಕಾಗದದ ಎಳೆ ಎಳೆ ಬಿಡುವ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು, ನಾನು ಬೆಚ್ಚಿ ತಿರುಗಿ ನೋಡಿದೆ. ಕೆಳಗೆ ಉಳಿದಿದ್ದ ಅವ್ವನಿಗೂ ಆಮೇಲೆ ಕೇಳಿದೆ. ನಡುವಿನ ಕಟ್ಟೆಯ ಹತ್ತಿರ ಕುಳಿತಿದ್ದ ಅವಳು, "ನಿಮ್ಮ ಮಾತು ತಿಳೀಲಿಲ್ಲ, ಆದ್ರ ಮ್ಯಾಲಿಂದ ಹುಡುಗರ ನಗಿ ಮಳಿ ಬಂದಾಂಗ ಬಂತು" ಎಂದಳು. ಆದ್ದರಿಂದ ಹತ್ತಲಾರದವರನ್ನು ಹೊರಗೆ ತೋಟದಲ್ಲಿ ಕೂರಿಸಬೇಡಿ. ಒಳಗೆ, ಗುಮ್ಮಟದ ಕೆಳಗೇ ಕೂರಿಸಿ. ಅವರಿಗೆ ಸಿಗುವುದು ಹತ್ತಿದವರಿಗೆ ಸಿಗುವುದಿಲ್ಲ.

ಗ್ಯಾಲರಿಯ ಕಟಾಂಜನದ ಬಳಿ ಮಕ್ಕಳ ಕೈ ಬಿಡಬಾರದು, ಗೋಡೆಯ ಮೇಲೆ ಹೆಸರು ಗೀಚುವುದನ್ನು ಕಂಡರೆ ಸುಮ್ಮನಿರಬಾರದು. ಮಾಳಿಗೆಗೆ ಮರಳಿ ಬಂದಾಗ ಪಶ್ಚಿಮದ ಕಡೆ ನೋಡಿ ಇಬ್ರಾಹಿಂ ರೋಜಾದ ಮಿನಾರುಗಳನ್ನು ಹುಡುಕಿಸಿ. ಸಂಜೆ ಹೋಗಬೇಕಾದ ಅಜ್ಜನ ಮನೆ ಅದು ಎಂದರೆ ಮಕ್ಕಳಿಗೆ ದಾರಿ ತಿಳಿಯುತ್ತದೆ.

ಇಳಿದ ಮೇಲೆ ನೆಲದಲ್ಲಿ ನಿಂತು ಒಮ್ಮೆ ಮೇಲೆ ನೋಡಬೇಕು. ಇಷ್ಟು ದೊಡ್ಡ ಚೌಕ ಕೋಣೆಯ ನಡುವೆ ಒಂದು ಕಂಬವೂ ಇಲ್ಲ. ಚೌಕದ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿತು ಎಂಬ ಪ್ರಶ್ನೆಗೆ ಉತ್ತರವನ್ನು ಕಾಗದದ ಮೇಲೆ ತೋರಿಸಬಹುದು. ಒಂದು ಚೌಕ ಬರೆಯಿರಿ. ಅದರ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಬರೆಯಿರಿ. ಎಂಟು ಮೊನೆಯ ನಕ್ಷತ್ರವೊಂದು ಮೂಡಿ, ಅದರ ನಡುವೆ ಎಂಟು ಬದಿಯ ಆಕಾರ ಉಳಿಯುತ್ತದೆ. ಮೇಲೆ ಒಂದನ್ನೊಂದು ಕತ್ತರಿಸಿ ಹಾಯುವ ಎಂಟು ಕಮಾನುಗಳು ಮಾಡಿರುವುದು ಇದನ್ನೇ. ಚೌಕವನ್ನು ಮೂಲೆಗಳಿಂದ ಒಳಕ್ಕೆ ತರುತ್ತ ತರುತ್ತ ದುಂಡಗೆ ಮಾಡಿ, ಗುಮ್ಮಟದ ಭಾರವನ್ನು ದಪ್ಪ ಗೋಡೆಗಳ ಮೇಲೆ ಇಳಿಸಿವೆ. ಊಟದ ಬಿಲ್ಲಿನ ಹಿಂದೆ ಚಿತ್ರ ಬರೆದು, ಅದನ್ನು ಮೇಲೆತ್ತಿ ಹಿಡಿದು ಕಮಾನುಗಳಿಗೆ ಹೊಂದಿಸಿ ನೋಡಿದ ಮಕ್ಕಳು ಆ ಲೆಕ್ಕವನ್ನು ಮರೆಯುವುದಿಲ್ಲ. ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗಾಗಿ ಇಟ್ಟವು. ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ.

ಎದುರಿನ ನಗಾರಖಾನೆಯ ಕಟ್ಟಡದಲ್ಲಿ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶುಕ್ರವಾರ ಅದಕ್ಕೆ ರಜೆ. ಬಿಸಿಲು ಏರಿದ ಹೊತ್ತನ್ನು ಅಲ್ಲಿ ಕಳೆಯುವುದು ಜಾಣತನ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಸ್ಮಾರಕಗಳಲ್ಲಿ ಟಿಕೆಟ್ ಇಲ್ಲ.

ಊಟ

ಹೆದ್ದಾರಿಯ ಹೋಟೆಲಿಗೆ ಕಾಯದೆ ಊರೊಳಗಿನ ಖಾನಾವಳಿಯಲ್ಲಿ ಉಣ್ಣಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ: ಪ್ರಯಾಣದ ಹೊಟ್ಟೆಗೆ ಇದಕ್ಕಿಂತ ಹಗುರಾದ, ನಂಬಬಹುದಾದ ಊಟ ಸಿಗದು. ಖಾರ ತಿನ್ನದ ಮಕ್ಕಳಿಗೆ ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ ಕೊಡಿ. ಮಧ್ಯಾಹ್ನ ಎರಡೂವರೆಯ ನಂತರ ಬಿಸಿ ರೊಟ್ಟಿ ಸಿಗುವ ಭರವಸೆ ಇಲ್ಲ.

ನಡುವೆ ಸಿಗುವವು

ಊಟವಾದ ಮೇಲೆ ಬಾರಾ ಕಮಾನ್. ಮೇಲೆ ಚಾವಣಿಯಿಲ್ಲ, ಗೋಡೆಯಿಲ್ಲ. ಎತ್ತರದ ಜಗತಿಯ ಮೇಲೆ ಕಪ್ಪು ಕಲ್ಲಿನ ಕಮಾನುಗಳು ಸಾಲಾಗಿ ಆಕಾಶಕ್ಕೆ ತೆರೆದು ನಿಂತಿವೆ. ಅಪ್ಪನ ಗುಮ್ಮಟವನ್ನು ನೋಡಿ ಬಂದ ಮೇಲೆ ನೋಡಿದರೆ ಮಾತ್ರ ಇದರ ಅರ್ಥ ತೆರೆಯುತ್ತದೆ, ಆದ್ದರಿಂದ ಕ್ರಮ ತಪ್ಪಿಸಬೇಡಿ. ಅರ್ಧ ಗಂಟೆ ಸಾಕು.

ಪಶ್ಚಿಮಕ್ಕೆ ಹೋಗುವಾಗ ಮಲಿಕ್-ಎ-ಮೈದಾನ್ ಎಂಬ ಫಿರಂಗಿ ತೋಪು ದಾರಿಯಲ್ಲಿಯೇ ಸಿಗುತ್ತದೆ. ಶೇರ್ಜಾ ಬುರುಜಿನ ಮೇಲಿರುವ ಈ ತೋಪು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಕಲ್ಲಲ್ಲ, ಕಬ್ಬಿಣವಲ್ಲ, ಕಂಚಿನಂಥ ಮಿಶ್ರಲೋಹ. ಅದರ ಬಾಯಿಯನ್ನು ಹತ್ತಿರದಿಂದ ನೋಡಲು ಮಕ್ಕಳಿಗೆ ಹೇಳಿ: ತೆರೆದ ಸಿಂಹದ ದವಡೆಯ ಎರಡೂ ಬದಿಗೆ ಹಲ್ಲುಗಳ ನಡುವೆ ಸಿಕ್ಕಿಬಿದ್ದ ಪುಟ್ಟ ಆನೆ ಕಾಣಿಸುತ್ತದೆ. ಹೇಳಿಕೊಡದಿದ್ದರೆ ದೊಡ್ಡವರ ಕಣ್ಣಿಗೂ ಬೀಳುವುದಿಲ್ಲ. ಸಮೀಪದ ಉಪಲಿ ಬುರುಜು 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಕಾವಲು ಗೋಪುರ. ಮೆಟ್ಟಿಲುಗಳು ಹೊರಮೈಗೆ ಸುತ್ತಿಕೊಂಡಿರುವುದರಿಂದ ಚಿಕ್ಕ ಮಕ್ಕಳಿದ್ದವರು ಕೆಳಗಿನಿಂದಲೇ ನೋಡಿ ಮುಂದೆ ಹೋಗುವುದು ಕ್ಷೇಮ.

ಟಾಂಗಾ ಹತ್ತಬೇಕೆಂದು ಮಕ್ಕಳು ಕೇಳಿದರೆ ಇಲ್ಲವೆನ್ನಬೇಡಿ. ಈ ಊರಲ್ಲಿ ಇನ್ನೂ ಕುದುರೆಯ ಗೊರಸಿನ ಸದ್ದು ಕೇಳಲು ಸಿಗುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಂಡರೆ ಇಳಿಯುವಾಗ ಎರಡೂ ಕಡೆಯವರಿಗೆ ಸಮಾಧಾನ. ಗೈಡುಗಳ ವಿಷಯದಲ್ಲೂ ಇದೇ ಮಾತು.

ಇಬ್ರಾಹಿಂ ರೋಜಾಕ್ಕೆ ಸಂಜೆ

ಇದನ್ನು ಕೊನೆಗೆ ಇಟ್ಟುಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಸಂಜೆ ನಾಲ್ಕರ ನಂತರ ಕಲ್ಲು ತಣಿಯತೊಡಗುತ್ತದೆ. ಮತ್ತು ಇಲ್ಲಿ ಏಳು ಅಂತಸ್ತು ಹತ್ತುವ ಕಷ್ಟವಿಲ್ಲವಾದ್ದರಿಂದ ಬೆಳಿಗ್ಗೆ ಕೆಳಗೆ ಉಳಿದವರು ಇಲ್ಲಿ ಎಲ್ಲರ ಜೊತೆಗೆ ನಡೆಯಬಹುದು. ಆರರ ಹೊತ್ತಿಗೆ ಬಾಗಿಲು ಹಾಕುವುದನ್ನು ನೆನಪಿನಲ್ಲಿಟ್ಟು ನಾಲ್ಕೂವರೆಗೆ ಒಳಗಿರಬೇಕು.

ಒಂದೇ ಜಗತಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ಕೊಳ. ಇಬ್ರಾಹಿಮನು ತನ್ನ ರಾಣಿ ತಾಜ್ ಸುಲ್ತಾನಳಿಗೆಂದು ಕಟ್ಟಿಸಲು ತೊಡಗಿದ ಈ ಗೋರಿಯಲ್ಲಿ ಕಡೆಗೆ ಅವನೂ ಮಲಗಿದ. ವಾಸ್ತುಶಿಲ್ಪಿ ಮಲಿಕ್ ಸಂದಲ್. ಸಂಗೀತವನ್ನು ಪ್ರಾಣದಂತೆ ಪ್ರೀತಿಸಿದ, ತನ್ನ ದಖನಿ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ, ಜನ ಜಗದ್ಗುರು ಬಾದಶಹ ಎಂದು ಕರೆದ ದೊರೆ ಅವನು. ಅಪ್ಪನ ಕಟ್ಟಡ ಗಾತ್ರದಿಂದ ಮಾತಾಡಿದರೆ ಅಜ್ಜನದು ಕೆತ್ತನೆಯಿಂದ ಮಾತಾಡುತ್ತದೆ.

ಗೋರಿಯ ಸುತ್ತಲಿನ ಮೊಗಸಾಲೆಯಲ್ಲಿ ಒಂದು ಸುತ್ತು ನಿಧಾನವಾಗಿ ಬನ್ನಿ. ಗೋಡೆಯ ಮೇಲೆ ಹೂಬಳ್ಳಿ, ಜ್ಯಾಮಿತಿಯ ಚಿತ್ತಾರ, ಸುಂದರ ಲಿಪಿ. ಕಿಟಕಿಗಳ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು: ಕಲ್ಲನ್ನು ತೂತು ಕೊರೆದು ಮಾಡಿದ ಜಾಲರಿಗಳಲ್ಲಿ ಅಕ್ಷರಗಳೇ ಜಾಲರಿಯಾಗಿವೆ. ಒಳಗಿನಿಂದ ನೋಡಿದರೆ ಬೆಳಕು ಅಕ್ಷರಗಳ ಸುತ್ತಲಿನ ಸಂದಿಗಳಿಂದ ಬರುತ್ತದೆ. ಅವ್ವ ತನ್ನ ಬೆರಳನ್ನು ಕಲ್ಲಿಗೆ ತಾಗಿಸದೆ, ಗಾಳಿಯಲ್ಲೇ ಒಂದು ಅಕ್ಷರದ ತಿರುವನ್ನು ಹಿಂಬಾಲಿಸುತ್ತ, "ಕೌದಿ ಹೊಲಿದಾಂಗ ಮಾಡ್ಯಾರ ನೋಡು" ಎಂದಳು. ಎಪ್ಪತ್ತು ವರ್ಷ ಕೌದಿಯ ಹೊಲಿಗೆ ನೋಡಿದ ಕಣ್ಣಿಗೆ ಕಂಡದ್ದು ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ. ಹಿರಿಯರನ್ನು ಅವಸರ ಮಾಡಿ ಮುಂದೆ ಕರೆದೊಯ್ಯಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಒಳಕೋಣೆಯ ಚಪ್ಪಟೆ ಕಲ್ಲಿನ ಮಾಡು ಯಾವ ಆಧಾರವೂ ಇಲ್ಲದೆ ತೂಗಿದಂತೆ ಕಾಣುತ್ತದೆ. ಬೆಳಗ್ಗೆ ಕಂಬವಿಲ್ಲದ ಗುಮ್ಮಟ ನೋಡಿದ ಮಕ್ಕಳು ಇಲ್ಲಿ ಮತ್ತೆ ತಲೆಯೆತ್ತುತ್ತಾರೆ.

ಬಿಡಬೇಕಾದವು

ಜಾಮಿಯಾ ಮಸೀದಿ, ಗಗನ ಮಹಲ್, 1620ರ ತಾಜ್ ಬಾವಡಿ, ತೊರವಿಯ ನರಸಿಂಹ ದೇವಸ್ಥಾನ: ಇವು ಯಾವುವೂ ಕಡಿಮೆಯವಲ್ಲ, ಆದರೆ ಅರ್ಧ ದಿನದಲ್ಲಿ ಇವನ್ನು ಸೇರಿಸಿದರೆ ಮೇಲಿನ ಮೂರೂ ಕೆಡುತ್ತವೆ. ರಾತ್ರಿ ಉಳಿದವರು ಮಾತ್ರ ಒಂದನ್ನು ಆರಿಸಿಕೊಳ್ಳಬಹುದು. ಒಂದೇ ಎಂದರೆ ನಾನು ಜಾಮಿಯಾ ಮಸೀದಿ ಎನ್ನುತ್ತೇನೆ. ನಮಾಜಿನ ಹೊತ್ತು ತಪ್ಪಿಸಿ, ತಲೆಗೆ ಬಟ್ಟೆ ಹಾಕಿಕೊಂಡು, ಕಮಾನುಗಳ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಬನ್ನಿ. ಮಧ್ಯಾಹ್ನ ತಡವಾಗಿ ಬಂದು ಊರಲ್ಲಿ ಉಳಿದವರು ಕ್ರಮವನ್ನು ತಿರುಗಿಸಿಕೊಳ್ಳಲಿ: ಸಂಜೆ ಇಬ್ರಾಹಿಂ ರೋಜಾ, ಬೆಳಿಗ್ಗೆ ಆರಕ್ಕೆ ಗೋಳಗುಮ್ಮಟ, ಹೊರಡುವ ಮೊದಲು ಬಾರಾ ಕಮಾನ್. ಎಂಟೂವರೆಗೆ ನಾಷ್ಟಾ ಮುಗಿಸಿ ರಸ್ತೆ ಹಿಡಿಯಬಹುದು.

ಹುಬ್ಬಳ್ಳಿಯ ದಾರಿಯಲ್ಲಿ ಕೃಷ್ಣೆಯ ಸೇತುವೆಗೆ ಮೊದಲು ಕೊಲ್ಹಾರ ಬರುತ್ತದೆ. ಅಲ್ಲಿಯ ಗಡಿಗೆಯ ಮೊಸರು ಸುತ್ತಲೆಲ್ಲ ಹೆಸರಾದದ್ದು. ಒಂದು ಗಡಿಗೆ ಕೊಂಡು ಹಿಂದಿನ ಸೀಟಿನ ಕೆಳಗೆ, ಯಾರಾದರೂ ಕಾಲುಗಳ ನಡುವೆ ಒತ್ತಿ ಹಿಡಿದು ಕುಳಿತರೆ, ಅದು ಚೆಲ್ಲದೆ ಮನೆ ಮುಟ್ಟುತ್ತದೆ.